ಓದುಗರ ಪ್ರಶ್ನೆಗೆ ಉತ್ತರ: 1996ರ ಚುನಾವಣೆ ಮತ್ತು ಸಂಯುಕ್ತ ರಂಗದ ಸರ್ಕಾರ

ಪ್ರಶ್ನೆ: ಲೋಕಸಭೆಯಲ್ಲಿ ಕೇವಲ 46 ಸ್ಥಾನ ಪಡೆದಿದ್ದ ಜನತಾದಳದ ನಾಯಕರೊಬ್ಬರು 1996ರಲ್ಲಿ ಪ್ರಧಾನಿಯಾದದ್ದು ಹೇಗೆ? (ಹಾಸನದ ಓದುಗರು)

ಉತ್ತರ: ಆ ಚುನಾವಣೆಯಲ್ಲಿ ಯಾವ ಪಕ್ಷಕ್ಕೂ ಬಹುಮತ ಬರಲಿಲ್ಲ. 161 ಸ್ಥಾನ ಗೆದ್ದ ಬಿಜೆಪಿ ಅತಿ ದೊಡ್ಡ ಪಕ್ಷವಾಗಿತ್ತು. ಕಾಂಗ್ರೆಸ್ 140ಕ್ಕೆ ಇಳಿದಿತ್ತು. ರಾಷ್ಟ್ರಪತಿ ಶಂಕರದಯಾಳ್ ಶರ್ಮಾ ಅವರು ಅಟಲ್ ಬಿಹಾರಿ ವಾಜಪೇಯಿ ಅವರನ್ನು ಕರೆದರು. ಮೇ 16ರಂದು ಪ್ರಮಾಣವಚನ ಸ್ವೀಕರಿಸಿದ ವಾಜಪೇಯಿ, ಮಿತ್ರಪಕ್ಷಗಳನ್ನು ಸೇರಿಸಿಕೊಂಡರೂ ಬಹುಮತಕ್ಕೆ ಬೇಕಾದ 272ರ ಹತ್ತಿರಕ್ಕೆ ಬರಲಾಗದೆ, ವಿಶ್ವಾಸಮತದ ಚರ್ಚೆಗೆ ಉತ್ತರಿಸಿ ಮೇ 28ರಂದು ರಾಜೀನಾಮೆ ನೀಡಿದರು.

ಉಳಿದ ದಾರಿ ಎಂದರೆ ಪ್ರಾದೇಶಿಕ ಪಕ್ಷಗಳು, ಜನತಾದಳ ಮತ್ತು ಎಡಪಕ್ಷಗಳು ಕೂಡಿ ರಚಿಸಿದ ಸಂಯುಕ್ತ ರಂಗ. ಅದರ ನಾಯಕತ್ವ ಮೊದಲು ವಿ.ಪಿ. ಸಿಂಗ್ ಅವರ ಬಾಗಿಲಿಗೆ ಹೋಯಿತು, ಅವರು ಒಪ್ಪಲಿಲ್ಲ. ಎಲ್ಲರೂ ಒಪ್ಪಿದ್ದ ಮತ್ತೊಂದು ಹೆಸರು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ, ಸಿಪಿಎಂ ನಾಯಕ ಜ್ಯೋತಿ ಬಸು ಅವರದು. ಆದರೆ ಸರ್ಕಾರದಲ್ಲಿ ಸೇರುವುದೇ ಬೇಡವೆಂದು ಸಿಪಿಎಂನ ಕೇಂದ್ರ ಸಮಿತಿ ತೀರ್ಮಾನಿಸಿತು. ಅದು ಚಾರಿತ್ರಿಕ ಪ್ರಮಾದವೆಂದು ಬಸು ಅವರೇ ಆಮೇಲೆ ಹೇಳಿದರು. ರಂಗದಲ್ಲಿ ಹೆಚ್ಚು ಸಂಸದರಿದ್ದದ್ದು ಜನತಾದಳಕ್ಕೆ, ಆ 46ರಲ್ಲಿ 16 ಮಂದಿ ಕರ್ನಾಟಕದವರು. 1994ರ ಡಿಸೆಂಬರಿನಿಂದ ಮುಖ್ಯಮಂತ್ರಿಯಾಗಿದ್ದ ಎಚ್.ಡಿ. ದೇವೇಗೌಡರು ರಾಜ್ಯದ 28 ಕ್ಷೇತ್ರಗಳಲ್ಲಿ ಅಷ್ಟನ್ನು ಗೆಲ್ಲಿಸಿಕೊಟ್ಟಿದ್ದರು. ಆದ್ದರಿಂದ ಅವರ ಆಯ್ಕೆಯನ್ನು ಬರಿಯ ಅದೃಷ್ಟವೆಂದು ಕರೆಯುವುದು ಸರಿಯಲ್ಲ. ಜೂನ್ 1ರಂದು ಅವರು ಪ್ರಧಾನಿಯಾದರು, ರಾಜ್ಯದ ಹೊಣೆ ಜೆ.ಎಚ್. ಪಟೇಲರಿಗೆ ಬಂತು.

ಪ್ರಶ್ನೆ: ಆಗ ಅವರು ಸಂಸತ್ತಿನ ಸದಸ್ಯರೇ ಆಗಿರಲಿಲ್ಲವಲ್ಲ? (ತುಮಕೂರಿನ ವಿದ್ಯಾರ್ಥಿನಿ)

ಉತ್ತರ: ಆಗಿರಲಿಲ್ಲ. ಮಂತ್ರಿಯಾದವರು ಆರು ತಿಂಗಳೊಳಗೆ ಯಾವುದಾದರೊಂದು ಸದನದ ಸದಸ್ಯರಾದರೆ ಸಾಕೆಂದು ಸಂವಿಧಾನದ 75ನೇ ವಿಧಿ ಹೇಳುತ್ತದೆ. ಪ್ರಧಾನಿಗೂ ಅದೇ ನಿಯಮ. ಸೆಪ್ಟೆಂಬರಿನಲ್ಲಿ ಅವರು ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದರು.

ಪ್ರಶ್ನೆ: ಹದಿಮೂರು ಪಕ್ಷಗಳ ಒಳಜಗಳದಿಂದಲೇ ಆ ಸರ್ಕಾರ ಬಿತ್ತೆಂದು ಕೇಳುತ್ತಾ ಬೆಳೆದಿದ್ದೇನೆ. ಇದು ನಿಜವೆ? (ಧಾರವಾಡದ ಓದುಗರು)

ಉತ್ತರ: ಈ ಮಾತು ಎಷ್ಟು ಬಾರಿ ಕೇಳಿಬಂದರೂ ಘಟನೆಗಳ ಕ್ರಮ ಅದನ್ನು ಸಮರ್ಥಿಸುವುದಿಲ್ಲ. ಒಳಗೆ ಭಿನ್ನಾಭಿಪ್ರಾಯಗಳು ಇದ್ದವು, ನಿಜ. ಆದರೂ ಆ ಪಕ್ಷಗಳು ಸಾಮಾನ್ಯ ಕನಿಷ್ಠ ಕಾರ್ಯಕ್ರಮವೊಂದನ್ನು ಒಪ್ಪಿಕೊಂಡು, ಕಮ್ಯುನಿಸ್ಟ್ ನಾಯಕ ಇಂದ್ರಜಿತ್ ಗುಪ್ತ ಗೃಹಸಚಿವರಾಗಿ, ಆರ್ಥಿಕ ಸುಧಾರಣೆಯ ಪರವಾಗಿದ್ದ ಪಿ. ಚಿದಂಬರಂ ಹಣಕಾಸು ಸಚಿವರಾಗಿ ಒಂದೇ ಸಂಪುಟದಲ್ಲಿ ಕುಳಿತು ಕೆಲಸ ಮಾಡುವಂತೆ ನೋಡಿಕೊಂಡವು. 1996ರ ಡಿಸೆಂಬರಿನಲ್ಲಿ ಬಾಂಗ್ಲಾದೇಶದೊಡನೆ ಗಂಗಾ ನೀರು ಹಂಚಿಕೆಗೆ 30 ವರ್ಷಗಳ ಒಪ್ಪಂದವಾದದ್ದು ಇದೇ ಅವಧಿಯಲ್ಲಿ.

ಸರ್ಕಾರ ಬಿದ್ದದ್ದು ಹೊರಗಿನವರಿಂದ. ಒಂದು ಮಂತ್ರಿಸ್ಥಾನವನ್ನೂ ಪಡೆಯದೆ ಬೆಂಬಲ ಕೊಡುತ್ತಿದ್ದ ಕಾಂಗ್ರೆಸ್, ಸೀತಾರಾಮ್ ಕೇಸರಿ ಅವರ ಅಧ್ಯಕ್ಷತೆಯಲ್ಲಿ, ಬಜೆಟ್ ಮಂಡನೆಯಾಗಿ ತಿಂಗಳಾಗುವಷ್ಟರಲ್ಲಿ, 1997ರ ಮಾರ್ಚ್ 30ರಂದು ಅದನ್ನು ಹಿಂತೆಗೆದುಕೊಂಡಿತು. ಏಪ್ರಿಲ್ 11ರಂದು ದೇವೇಗೌಡರು ವಿಶ್ವಾಸಮತದಲ್ಲಿ ಸೋತರು. ಹತ್ತು ದಿನಗಳ ನಂತರ ಅದೇ ರಂಗದ ಐ.ಕೆ. ಗುಜ್ರಾಲ್ ಅದೇ ಕಾಂಗ್ರೆಸ್ಸಿನ ಬೆಂಬಲದಿಂದ ಪ್ರಧಾನಿಯಾದರು. ನೀತಿಯ ಭಿನ್ನತೆಯೇ ಕಾರಣವಾಗಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ಮುಂದೆ ರಾಜೀವ್ ಗಾಂಧಿ ಹತ್ಯೆಯ ತನಿಖೆಗೆ ನೇಮಿಸಿದ್ದ ಜೈನ್ ಆಯೋಗದ ಮಧ್ಯಂತರ ವರದಿಯನ್ನು ಮುಂದಿಟ್ಟು ಡಿಎಂಕೆಯನ್ನು ಸಂಪುಟದಿಂದ ಕೈಬಿಡಬೇಕೆಂದು ಕಾಂಗ್ರೆಸ್ ಒತ್ತಾಯಿಸಿತು. ರಂಗ ತನ್ನ ಸಂಗಾತಿ ಪಕ್ಷವನ್ನು ಬಿಟ್ಟುಕೊಡಲಿಲ್ಲ; ಅದರ ಬದಲು ನವೆಂಬರಿನಲ್ಲಿ ಅಧಿಕಾರವನ್ನೇ ಕಳೆದುಕೊಂಡಿತು. ಒಳಜಗಳದಿಂದ ಬಿದ್ದ ಸರ್ಕಾರ ಹೀಗೆ ನಡೆದುಕೊಳ್ಳುತ್ತದೆಯೆ? ಅಧಿಕಾರದ ಹೊಣೆ ಇಲ್ಲದೆ, ಅದರ ಕೊರಳಪಟ್ಟಿ ಮಾತ್ರ ಕೈಯಲ್ಲಿರುವ ಪಕ್ಷವೇ ಆ ಎರಡೂ ಸರ್ಕಾರಗಳಿಗೆ ಕಂಟಕವಾಯಿತೆಂಬುದು ನನ್ನ ದೃಢವಾದ ಅಭಿಪ್ರಾಯ. ಕಾಂಗ್ರೆಸ್ಸಿನ ಹೊರಗಿನ ಬೆಂಬಲವನ್ನೇ ನಂಬಿದ್ದ ಪ್ರಧಾನಿಗಳಾದ ಚರಣ್ ಸಿಂಗ್ 1979ರಲ್ಲಿ, ಚಂದ್ರಶೇಖರ್ 1991ರಲ್ಲಿ ಕಂಡದ್ದೂ ಇದನ್ನೇ.

ಪ್ರಶ್ನೆ: ಇದನ್ನು ಕಾನೂನಿನಿಂದ ತಡೆಯಲಾಗದೆ? (ಮುಂಬಯಿಯ ಓದುಗರು)

ಉತ್ತರ: 1985ರ ಪಕ್ಷಾಂತರ ನಿಷೇಧ ಕಾನೂನು ಒಬ್ಬೊಬ್ಬ ಸದಸ್ಯನನ್ನು ಕಟ್ಟಿಹಾಕುತ್ತದೆ, ಇಡೀ ಪಕ್ಷ ಬೆಂಬಲ ಹಿಂತೆಗೆದರೆ ಅದು ಏನೂ ಮಾಡಲಾರದು. ಜರ್ಮನಿಯಲ್ಲಿ ಬೇರೆಯೇ ಏರ್ಪಾಡಿದೆ. ಅಲ್ಲಿ ಸಂಸತ್ತು ಚಾನ್ಸಲರನ್ನು ಇಳಿಸಬೇಕಾದರೆ ಅದೇ ಮತದಾನದಲ್ಲಿ ಬಹುಮತದಿಂದ ಉತ್ತರಾಧಿಕಾರಿಯನ್ನೂ ಆರಿಸಬೇಕು. 1982ರಲ್ಲಿ ಹೆಲ್ಮುಟ್ ಸ್ಮಿತ್ ಅವರ ಜಾಗಕ್ಕೆ ಹೆಲ್ಮುಟ್ ಕೋಲ್ ಬಂದದ್ದು ಹೀಗೆ. ಅಂಥ ನಿಯಮ ನಮ್ಮಲ್ಲಿದ್ದಿದ್ದರೆ, 140 ಸದಸ್ಯರ ಕಾಂಗ್ರೆಸ್ ಪಕ್ಷ ದೇವೇಗೌಡರನ್ನು ಇಳಿಸುವ ಮೊದಲು ಬೇರೊಬ್ಬ ಪ್ರಧಾನಿಗೆ 272 ಮತಗಳನ್ನು ಕೂಡಿಸಿ ತೋರಿಸಬೇಕಾಗುತ್ತಿತ್ತು. ಸಂವಿಧಾನ ತಿದ್ದುಪಡಿ ಬೇಕಾಗುವ ಈ ಸುಧಾರಣೆಯನ್ನು ನಮ್ಮ ಸಂಸತ್ತು ಗಂಭೀರವಾಗಿ ಚರ್ಚಿಸಬೇಕು. ರಾಜ್ಯ ವಿಧಾನಸಭೆಗಳಿಗೂ ಅದನ್ನು ಅನ್ವಯಿಸಬೇಕು.