ಕೇಬಲ್ ಹಾಕಿದ್ರೂ ವೈಫೈನಲ್ಲೇ ಓಡುತ್ತಾ? ಲ್ಯಾಪ್‌ಟಾಪ್ ನೆಟ್‌ವರ್ಕ್ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ರೂಟರ್‌ನಿಂದ ಲ್ಯಾಪ್‌ಟಾಪ್‌ಗೆ ನೇರವಾಗಿ ಕೇಬಲ್ ಎಳೆದಿದ್ದೇನೆ. ವೈಫೈ ಕೂಡ ಆನ್ ಇರುತ್ತದೆ. ಆದರೂ ವಿಡಿಯೊ ಕಾಲ್ ಮಧ್ಯೆ ಮಧ್ಯೆ ನಿಂತು ನಿಂತು ಬರುತ್ತದೆ. ಕೇಬಲ್ ಇದ್ದಾಗ ಲ್ಯಾಪ್‌ಟಾಪ್ ಕೇಬಲನ್ನೇ ಬಳಸುತ್ತದೆ ತಾನೇ? ಎರಡೂ ಆನ್ ಇದ್ದರೆ ಎರಡರ ವೇಗ ಸೇರುತ್ತದಾ? ನನ್ನದು ವಿಂಡೋಸ್ 11.

ಉತ್ತರ: ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಇಲ್ಲ, ವೇಗ ಸೇರುವುದಿಲ್ಲ. ಲ್ಯಾಪ್‌ಟಾಪ್ ಎರಡರಲ್ಲಿ ಒಂದನ್ನು ಆರಿಸಿಕೊಂಡು ಇಂಟರ್ನೆಟ್ ಕೆಲಸವನ್ನೆಲ್ಲ ಅದರ ಮೇಲೆಯೇ ಹಾಕುತ್ತದೆ. ಇನ್ನೊಂದು ಸುಮ್ನೆ ಕೂತಿರುತ್ತದೆ.

ಯಾವುದನ್ನು ಆರಿಸುತ್ತದೆ ಅನ್ನುವುದೇ ನಿಮ್ಮ ನಿಜವಾದ ಪ್ರಶ್ನೆ. ವಿಂಡೋಸ್ ಪ್ರತಿ ಸಂಪರ್ಕಕ್ಕೂ ಮೆಟ್ರಿಕ್ ಅಂತ ಒಂದು ಅಂಕಿ ಕೊಡುತ್ತದೆ. ಅಂಕಿ ಕಡಿಮೆ ಇದ್ದದ್ದು ಗೆಲ್ಲುತ್ತದೆ. ಈ ಅಂಕಿಯನ್ನು ಅದು ಸಂಪರ್ಕದ ವೇಗ ನೋಡಿ ತಾನೇ ಹಾಕಿಕೊಳ್ಳುತ್ತದೆ. ಕೇಬಲ್ ಗಿಗಾಬಿಟ್‌ನಲ್ಲಿ, ಅಂದರೆ 1000 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ವೇಗದಲ್ಲಿ ಓಡುತ್ತಿದ್ದರೆ ಸಾಮಾನ್ಯವಾಗಿ ಕೇಬಲೇ ಗೆಲ್ಲುತ್ತದೆ. ಆದರೆ ಯಾವುದೋ ಕಾರಣಕ್ಕೆ ಕೇಬಲ್ 100 ಎಂಬಿಪಿಎಸ್‌ಗೆ ಇಳಿದು, ಪಕ್ಕದಲ್ಲಿ ವೈಫೈ 800 ಅಂತ ತೋರಿಸುತ್ತಿದ್ದರೆ? ಆಗ ವಿಂಡೋಸ್ ವೈಫೈಯನ್ನೇ ಹಿಡಿದುಕೊಳ್ಳಬಹುದು. ಕೇಬಲ್ ಚುಚ್ಚಿದ್ದೇನೆ ಅಂತ ನೀವು ನೆಮ್ಮದಿಯಾಗಿರುತ್ತೀರಿ, ಕಾಲ್ ಮಾತ್ರ ಗಾಳಿಯಲ್ಲೇ ಹೋಗುತ್ತಿರುತ್ತದೆ.

ಇದನ್ನು ಪತ್ತೆ ಮಾಡುವುದು ಸುಲಭ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಅಂಡ್ ಇಂಟರ್ನೆಟ್ ತೆರೆದು, ಈಥರ್ನೆಟ್ (ಅಂದರೆ ಕೇಬಲ್ ಸಂಪರ್ಕ) ಒಳಗೆ ಹೋಗಿ. ಅಲ್ಲಿ ಲಿಂಕ್ ಸ್ಪೀಡ್ ಅಂತ ಒಂದು ಸಾಲು ಇರುತ್ತದೆ. 1000/1000 ಅಂತ ಇದ್ದರೆ ಕೇಬಲ್ ಸರಿಯಾಗಿದೆ. 100/100 ಇದ್ದರೆ ನನ್ನ ಮೊದಲ ಅನುಮಾನ ಕೇಬಲ್ ಮೇಲೆಯೇ. ಲ್ಯಾಪ್‌ಟಾಪ್, ರೂಟರ್ ಎರಡರ ಪೋರ್ಟ್ ಗಿಗಾಬಿಟ್‌ದೇ ಹೌದಾ ಅನ್ನುವುದನ್ನೂ ಒಮ್ಮೆ ನೋಡಿಕೊಳ್ಳಿ. ಹಳೆಯ ರೂಟರ್‌ಗಳಲ್ಲಿ 100ರ ಪೋರ್ಟೇ ಇರುತ್ತದೆ.

ಕೇಬಲ್ ಮೇಲೆ ಯಾಕೆ ಅನುಮಾನ ಅಂದರೆ, ಒಳಗೆ ಎಂಟು ತಂತಿಗಳಿವೆ: ಕಿತ್ತಳೆ, ಹಸಿರು, ನೀಲಿ, ಕಂದು ಹೀಗೆ ನಾಲ್ಕು ಜೋಡಿ. 100 ಎಂಬಿಪಿಎಸ್‌ಗೆ ಕಿತ್ತಳೆ ಮತ್ತು ಹಸಿರು ಜೋಡಿ ಸಾಕು. ಗಿಗಾಬಿಟ್‌ಗೆ ಎಂಟೂ ಬೇಕು. ನೀಲಿಯದ್ದೋ ಕಂದಿನದ್ದೋ ಒಂದು ತಂತಿ ಒಳಗೇ ಮುರಿದರೆ ಸಂಪರ್ಕ ಪೂರ್ತಿ ಹೋಗುವುದಿಲ್ಲ. ಹೆಚ್ಚಿನ ಅಡಾಪ್ಟರ್‌ಗಳು (ಲ್ಯಾಪ್‌ಟಾಪ್ ಒಳಗೆ ನೆಟ್‌ವರ್ಕ್ ಸಂಪರ್ಕ ನೋಡಿಕೊಳ್ಳುವ ಭಾಗಗಳು) ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತವೆ. ಲೈಟ್ ಉರಿಯುತ್ತದೆ, ಇಂಟರ್ನೆಟ್ ಬರುತ್ತದೆ, ಹಾಗಾಗಿ ಯಾರಿಗೂ ಗೊತ್ತೇ ಆಗುವುದಿಲ್ಲ. ನನ್ನ ಮೇಜಿನ ಕೆಳಗಿನ ಕೇಬಲ್ ಮೇಲೆ ಕುರ್ಚಿಯ ಚಕ್ರ ದಿನಾ ಉರುಳಾಡುತ್ತಿತ್ತು. ಎರಡು ವಾರ ನಾನು ರೂಟರನ್ನು ಬೈದುಕೊಂಡು, ಅದರ ಸೆಟ್ಟಿಂಗ್‌ಗಳನ್ನೆಲ್ಲ ಕೆದಕಿದ್ದೆ. ಕೊನೆಗೆ ಬೇರೆ ಕೇಬಲ್ ಹಾಕಿದ ಕೂಡಲೇ 100 ಇದ್ದದ್ದು 1000 ಆಯಿತು. ಕ್ಯಾಟ್ 5ಇ ಅಂತ ಬರೆದಿರುವ ಕೇಬಲ್ 100 ಮೀಟರ್‌ವರೆಗೆ ಗಿಗಾಬಿಟ್‌ಗೆ ಸಾಕು. ಮನೆಯ ಕೆಲಸಕ್ಕೆ ಅದಕ್ಕಿಂತ ದುಬಾರಿಯದ್ದು ಬೇಕಿಲ್ಲ.

ಕೇಬಲ್ ಸರಿ ಇದ್ದೂ ವೈಫೈಯೇ ಗೆಲ್ಲುತ್ತಿದ್ದರೆ ಅಂಕಿಯನ್ನು ಕೈಯಿಂದಲೇ ಹಾಕಬಹುದು. ಸ್ಟಾರ್ಟ್‌ನಲ್ಲಿ ವ್ಯೂ ನೆಟ್‌ವರ್ಕ್ ಕನೆಕ್ಷನ್ಸ್ ಅಂತ ಹುಡುಕಿ. ಈಥರ್ನೆಟ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಅದರಲ್ಲಿ ಇಂಟರ್ನೆಟ್ ಪ್ರೋಟೋಕಾಲ್ ವರ್ಷನ್ 4, ಮತ್ತೆ ಪ್ರಾಪರ್ಟೀಸ್, ಆಮೇಲೆ ಅಡ್ವಾನ್ಸ್‌ಡ್. ಆಟೊಮ್ಯಾಟಿಕ್ ಮೆಟ್ರಿಕ್‌ನ ಗುರುತು ತೆಗೆದು 10 ಅಂತ ಬರೆಯಿರಿ. ಅದೇ ಪಟ್ಟಿಯ ವರ್ಷನ್ 6ಕ್ಕೂ ಹೀಗೇ ಮಾಡಿ, ಅನೇಕ ಸೈಟ್‌ಗಳು ಅದನ್ನೇ ಬಳಸುತ್ತವೆ. ಎಷ್ಟೋ ಜನ ಇದನ್ನು ಬಿಟ್ಟುಬಿಡುತ್ತಾರೆ, ಆಮೇಲೆ ಅರ್ಧ ಸೈಟ್‌ಗಳು ವೈಫೈನಲ್ಲೇ ಓಡುತ್ತವೆ. ಮ್ಯಾಕ್ ಇದ್ದವರು ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಸೆಟ್ ಸರ್ವೀಸ್ ಆರ್ಡರ್ ತೆರೆದು ಈಥರ್ನೆಟ್ ಅನ್ನು ಮೇಲಕ್ಕೆ ಎಳೆದರೆ ಆಯಿತು. ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಮ್ಯಾನೇಜರ್ ಇದ್ದರೆ ಚಿಂತೆಯೇ ಇಲ್ಲ. ಅದು ಮೊದಲಿನಿಂದಲೇ ಕೇಬಲ್‌ಗೆ 100, ವೈಫೈಗೆ 600 ಅಂತ ಅಂಕಿ ಕೊಟ್ಟಿರುತ್ತದೆ.

ಇಷ್ಟೆಲ್ಲ ಯಾಕೆ ಅನಿಸಿದರೆ, ಕಾಲ್ ಶುರುವಾಗುವ ಮುಂಚೆ ವೈಫೈ ಆಫ್ ಮಾಡಿ. ನಾನೂ ಮಾಡುವುದು ಅದನ್ನೇ. ಅದರಿಂದ ಒಂದು ಪರೀಕ್ಷೆಯೂ ಆಗುತ್ತದೆ. ವೈಫೈ ಆಫ್ ಇದ್ದಾಗಲೂ ಕಾಲ್ ನಿಂತು ನಿಂತು ಬಂದರೆ ತೊಂದರೆ ನಿಮ್ಮ ಸೆಟ್ಟಿಂಗ್‌ನದ್ದಲ್ಲ, ರೂಟರಿಂದ ಆಚೆಯದ್ದಿರಬಹುದು.

ಪ್ರಶ್ನೆ: ಆಫೀಸಿನಲ್ಲಿ ಕೇಬಲ್‌ಗೆ ಅಂತ ಒಂದು ಐಪಿ ನಂಬರ್ (ನೆಟ್‌ವರ್ಕ್‌ನಲ್ಲಿ ಲ್ಯಾಪ್‌ಟಾಪ್‌ನ ವಿಳಾಸ) ಕೊಟ್ಟಿದ್ದಾರೆ. ಅದನ್ನು ಹಾಕಿದ ಮೇಲೆ ಮನೆಯಲ್ಲಿ ಕೇಬಲ್ ಚುಚ್ಚಿದರೆ ಇಂಟರ್ನೆಟ್ ಬರುವುದಿಲ್ಲ. ವೈಫೈ ಮಾತ್ರ ಚೆನ್ನಾಗಿದೆ. ದಿನಾ ನಂಬರ್ ಅಳಿಸಿ, ಮತ್ತೆ ಬರೆದು ಸಾಕಾಗಿದೆ.

ಉತ್ತರ: ಕೇಬಲ್‌ಗೂ ವೈಫೈಗೂ ಲ್ಯಾಪ್‌ಟಾಪ್ ಒಳಗೆ ಬೇರೆ ಬೇರೆ ಅಡಾಪ್ಟರ್ ಇದೆ, ಅವುಗಳ ಸೆಟ್ಟಿಂಗ್ ಕೂಡ ಬೇರೆ ಬೇರೆ. ನೀವು ನಂಬರ್ ಬರೆದದ್ದು ಈಥರ್ನೆಟ್ ಅಡಾಪ್ಟರ್‌ಗೆ. ವೈಫೈ ಅದನ್ನು ನೋಡಿಯೂ ಇಲ್ಲ, ಹಾಗಾಗಿ ಆರಾಮಾಗಿದೆ. ಮನೆಯ ರೂಟರ್ 192.168.1.1 ಅಂತ ಇಟ್ಟುಕೊಳ್ಳಿ. ಲ್ಯಾಪ್‌ಟಾಪ್ ಮಾತ್ರ ನನ್ನ ನಂಬರ್ 192.168.10.45, ನನ್ನ ಗೇಟ್‌ವೇ (ಹೊರಗಿನ ಇಂಟರ್ನೆಟ್‌ಗೆ ಹೋಗುವ ಬಾಗಿಲು) 192.168.10.1 ಅಂತ ಹಟ ಹಿಡಿದಿದೆ. ಆ ಗೇಟ್‌ವೇ ನಿಮ್ಮ ಮನೆಯಲ್ಲಿ ಎಲ್ಲಿದೆ? ಕೂಗಿದರೆ ಓಗೊಡುವವರು ಯಾರೂ ಇಲ್ಲ.

ಇದಕ್ಕೆ ವಿಂಡೋಸ್‌ನಲ್ಲಿ ಒಂದು ಹಳೆಯ, ಚಂದದ ಸೌಲಭ್ಯ ಇದೆ. ಜಾಸ್ತಿ ಜನಕ್ಕೆ ಗೊತ್ತಿಲ್ಲ, ಯಾಕಂದರೆ ಅದು ಅರ್ಧ ಅಡಗಿ ಕೂತಿದೆ. ಮೇಲೆ ಹೇಳಿದ ದಾರಿಯಲ್ಲೇ ಈಥರ್ನೆಟ್‌ನ ವರ್ಷನ್ 4 ಪ್ರಾಪರ್ಟೀಸ್‌ಗೆ ಹೋಗಿ. ಮೊದಲು ಈಗಿರುವ ನಂಬರ್‌ಗಳದ್ದೆಲ್ಲ ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದಿಡಿ. ಆಮೇಲೆ ಒಬ್ಟೈನ್ ಆ್ಯನ್ ಐಪಿ ಅಡ್ರೆಸ್ ಆಟೊಮ್ಯಾಟಿಕಲಿ ಆಯ್ಕೆ ಮಾಡಿ. ಹಾಗೆ ಮಾಡಿದ ತಕ್ಷಣ ಮೇಲೆ ಆಲ್ಟರ್ನೇಟ್ ಕಾನ್ಫಿಗರೇಷನ್ ಅಂತ ಎರಡನೇ ಟ್ಯಾಬ್ ಕಾಣಿಸಿಕೊಳ್ಳುತ್ತದೆ. ಅದರಲ್ಲಿ ಯೂಸರ್ ಕಾನ್ಫಿಗರ್ಡ್ ಆರಿಸಿ, ಆಫೀಸಿನ ನಂಬರ್‌ಗಳನ್ನು ಅಲ್ಲಿ ಬರೆಯಿರಿ.

ಇನ್ನು ಮನೆಯಲ್ಲಿ ರೂಟರ್ ತಾನೇ ನಂಬರ್ ಹಂಚುತ್ತದೆ, ಲ್ಯಾಪ್‌ಟಾಪ್ ಅದನ್ನು ತೆಗೆದುಕೊಳ್ಳುತ್ತದೆ. ಆಫೀಸಿನಲ್ಲಿ ನಂಬರ್ ಹಂಚುವವರು ಯಾರೂ ಸಿಗದಿದ್ದರೆ, ಸ್ವಲ್ಪ ಹೊತ್ತು ಕಾದು ನೀವು ಬರೆದಿಟ್ಟ ನಂಬರ್ ಹಾಕಿಕೊಳ್ಳುತ್ತದೆ. ಈ 'ಸಿಗದಿದ್ದರೆ' ಅನ್ನುವ ಮಾತು ಮುಖ್ಯ. ಆಫೀಸಿನಲ್ಲೂ ತಾನಾಗಿ ನಂಬರ್ ಹಂಚುವ ಡಿಎಚ್‌ಸಿಪಿ ಇದ್ದು, ನಿಮಗೆ ಮಾತ್ರ ಪ್ರತ್ಯೇಕ ನಂಬರ್ ಕೊಟ್ಟಿದ್ದರೆ ಈ ಉಪಾಯ ನಡೆಯುವುದಿಲ್ಲ.

ಆಗ ನೆಟ್‌ವರ್ಕ್ ನೋಡಿಕೊಳ್ಳುವವರನ್ನು ಕೇಳಿ: ಈ ನಂಬರನ್ನು ನನ್ನ ಲ್ಯಾಪ್‌ಟಾಪ್‌ಗೆ ಅಂತ ನಿಮ್ಮ ಕಡೆಯಿಂದಲೇ ಕಾಯ್ದಿರಿಸಲು ಆಗುತ್ತಾ? ನನ್ನನ್ನು ಕೇಳಿದರೆ ಇದೇ ಒಳ್ಳೆಯ ದಾರಿ. ಲ್ಯಾಪ್‌ಟಾಪ್ ಎಲ್ಲ ಕಡೆ ಆಟೊಮ್ಯಾಟಿಕ್‌ನಲ್ಲೇ ಇರುತ್ತದೆ, ನಂಬರಿನ ಲೆಕ್ಕ ಒಂದೇ ಕಡೆ ಇರುತ್ತದೆ. ಅವರು ನಿಮ್ಮ ಮ್ಯಾಕ್ ಅಡ್ರೆಸ್ (ಪ್ರತಿ ಅಡಾಪ್ಟರ್‌ಗೂ ಇರುವ ಗುರುತಿನ ಸಂಖ್ಯೆ, ಮ್ಯಾಕ್ ಕಂಪ್ಯೂಟರ್‌ಗೂ ಇದಕ್ಕೂ ಸಂಬಂಧ ಇಲ್ಲ) ಕೇಳುತ್ತಾರೆ. ಕೇಬಲ್‌ದನ್ನೇ ಕೊಡಿ, ವೈಫೈದು ಬೇರೆ ಇರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಕೇಬಲ್ ಪೋರ್ಟ್ ಇಲ್ಲದೆ ಯುಎಸ್‌ಬಿ ಡಾಂಗಲ್ ಬಳಸುತ್ತಿದ್ದರೆ ಸಾಮಾನ್ಯವಾಗಿ ಆ ವಿಳಾಸ ಡಾಂಗಲ್‌ನದ್ದು. ಡಾಂಗಲ್ ಸಹೋದ್ಯೋಗಿಗೆ ಸಾಲ ಕೊಟ್ಟರೆ ನಿಮ್ಮ ನಂಬರೂ ಅವರ ಹಿಂದೆಯೇ ಹೋಗುತ್ತದೆ.

ಪ್ರಶ್ನೆ: ಮನೆಯಲ್ಲಿ ವೈಫೈ ಚೆನ್ನಾಗಿದೆ. ಪ್ರಯಾಣಕ್ಕೆ ಹೋದಾಗ ಹೋಟೆಲ್ ವೈಫೈಗೆ ಸೇರಿದರೆ ಕನೆಕ್ಟೆಡ್, ನೋ ಇಂಟರ್ನೆಟ್ ಅಂತ ಬರುತ್ತದೆ. ಲಾಗಿನ್ ಪುಟ ತೆರೆಯುವುದೇ ಇಲ್ಲ. ಅದೇ ವೈಫೈನಲ್ಲಿ ಫೋನ್ ಸರಿಯಾಗಿ ನಡೆಯುತ್ತದೆ. ಹಿಂದೊಮ್ಮೆ ವೇಗ ಜಾಸ್ತಿ ಆಗಲಿ ಅಂತ ಡಿಎನ್‌ಎಸ್ ಬದಲಿಸಿದ್ದೆ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ: ಇದೆ. ಉತ್ತರವನ್ನು ನೀವೇ ಕೊನೆಯ ಸಾಲಿನಲ್ಲಿ ಬರೆದುಬಿಟ್ಟಿದ್ದೀರಿ!

ಹೋಟೆಲ್ ವೈಫೈ ಲಾಗಿನ್ ಪುಟ ತೋರಿಸುವುದು ಒಂದು ಸಣ್ಣ ಮೋಸದಿಂದ. ನೀವು ಯಾವ ಸೈಟ್ ಕೇಳಿದರೂ ಅದು ತನ್ನ ಪುಟದ ಕಡೆಗೆ ತಿರುಗಿಸುತ್ತದೆ. ಎಷ್ಟೋ ಕಡೆ ಈ ತಿರುಗಿಸುವ ಕೆಲಸ ನಡೆಯುವುದು ಅವರ ಡಿಎನ್‌ಎಸ್ (ಸೈಟಿನ ಹೆಸರಿಗೆ ನಂಬರ್ ಹುಡುಕಿಕೊಡುವ ವ್ಯವಸ್ಥೆ) ಮೂಲಕ. ನೀವು 1.1.1.1 ಅಥವಾ 8.8.8.8 ಅಂತ ಹೊರಗಿನ ಡಿಎನ್‌ಎಸ್ ಬರೆದಿಟ್ಟಿದ್ದರೆ ಲ್ಯಾಪ್‌ಟಾಪ್ ಅವರನ್ನು ಕೇಳುವುದೇ ಇಲ್ಲ. ಹೊರಗಿನವರನ್ನು ಕೇಳೋಣ ಅಂದರೆ, ಲಾಗಿನ್ ಆಗದೆ ಹೊರಗೆ ಬಿಡುವುದಿಲ್ಲ. ವೈಫೈ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಅನ್ನು ಮತ್ತೆ ಆಟೊಮ್ಯಾಟಿಕ್ ಮಾಡಿ. ವಿಪಿಎನ್ (ನಿಮ್ಮ ಇಂಟರ್ನೆಟ್ ಸಂಚಾರವನ್ನು ಬೇರೆ ಸರ್ವರ್ ಮೂಲಕ ಗುಪ್ತವಾಗಿ ಕಳಿಸುವ ಸಾಫ್ಟ್‌ವೇರ್) ಇದ್ದರೆ ಲಾಗಿನ್ ಆಗುವವರೆಗೆ ಅದನ್ನೂ ಆಫ್ ಮಾಡಿ. ಆಮೇಲೂ ಪುಟ ಬರದಿದ್ದರೆ ಕಮ್ಯಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ (ipconfig) ಕೊಟ್ಟು, ವೈಫೈ ಕೆಳಗೆ ಡಿಫಾಲ್ಟ್ ಗೇಟ್‌ವೇ ಎದುರಿಗಿರುವ ನಂಬರನ್ನು ಬ್ರೌಸರ್‌ನಲ್ಲಿ ಹಾಕಿ ನೋಡಿ. ಎಷ್ಟೋ ಸಲ ಲಾಗಿನ್ ಪುಟ ಅಲ್ಲೇ ಸಿಗುತ್ತದೆ.

ಡಿಎನ್‌ಎಸ್ ಬದಲಿಸಿದರೆ ಡೌನ್‌ಲೋಡ್ ವೇಗ ಹೆಚ್ಚುತ್ತದೆ ಅನ್ನುವ ಮಾತನ್ನು ನಾನು ನಂಬುವುದಿಲ್ಲ. ಡಿಎನ್‌ಎಸ್ ಅಂದರೆ ಸೈಟಿನ ಹೆಸರು ಕೊಟ್ಟರೆ ನಂಬರ್ ಹುಡುಕಿಕೊಡುವ ಪುಸ್ತಕ, ಅಷ್ಟೇ. ಪುಟ ತೆರೆಯಲು ಶುರುವಾಗುವ ಮುಂಚಿನ ಕ್ಷಣ ಸ್ವಲ್ಪ ಚುರುಕಾಗಬಹುದು. ದೊಡ್ಡ ಫೈಲ್ ಇಳಿಯುವ ವೇಗಕ್ಕೆ ಸಾಮಾನ್ಯವಾಗಿ ಅದರಿಂದ ಏನೂ ಆಗದು.

ಅಂದಹಾಗೆ, ನೋ ಇಂಟರ್ನೆಟ್ ಅಂತ ವಿಂಡೋಸ್ ಹೇಗೆ ತೀರ್ಮಾನಿಸುತ್ತದೆ ಗೊತ್ತಾ? ಮೈಕ್ರೋಸಾಫ್ಟ್‌ನ ಒಂದು ಸರ್ವರ್‌ನಲ್ಲಿ ಪುಟ್ಟ ಪಠ್ಯದ ಫೈಲ್ ಇದೆ. ಅದರಲ್ಲಿ ಇರುವುದು 'ಮೈಕ್ರೋಸಾಫ್ಟ್ ಕನೆಕ್ಟ್ ಟೆಸ್ಟ್' ಅನ್ನುವ ಮೂರೇ ಪದ. ಅದು ಸಿಕ್ಕರೆ ಇಂಟರ್ನೆಟ್ ಇದೆ, ಸಿಗದಿದ್ದರೆ ಇಲ್ಲ. ಹಾಗಾಗಿ ಕೆಲವೊಮ್ಮೆ ಇಂಟರ್ನೆಟ್ ನಡೆಯುತ್ತಿದ್ದರೂ ಇಲ್ಲ ಅಂತ ತೋರಿಸುತ್ತದೆ. ಆ ಚಿಹ್ನೆಗಿಂತ ಐಪಿ ನಂಬರ್ ಹೆಚ್ಚು ನಿಜ ಹೇಳುತ್ತದೆ. ನಿಮ್ಮ ನಂಬರ್ 169.254 ಅಂತ ಶುರುವಾಗಿದ್ದರೆ ರೂಟರ್ ನಂಬರ್ ಕೊಟ್ಟೇ ಇಲ್ಲ, ಲ್ಯಾಪ್‌ಟಾಪ್ ತಾನೇ ಒಂದನ್ನು ಹಾಕಿಕೊಂಡು ಕೂತಿದೆ ಅಂತ ಅರ್ಥ. ಆಗ ಡಿಎನ್‌ಎಸ್ ಕೆದಕಿ ಪ್ರಯೋಜನ ಇಲ್ಲ. ವೈಫೈ ಬಿಟ್ಟು ಮತ್ತೆ ಸೇರಿ, ಅದಕ್ಕೂ ಬಗ್ಗದಿದ್ದರೆ ನೆಟ್‌ವರ್ಕನ್ನು ಫರ್ಗೆಟ್ ಕೊಟ್ಟು ಹೊಸದಾಗಿ ಪಾಸ್‌ವರ್ಡ್ ಹಾಕಿ.

ಪ್ರಶ್ನೆ: ಲ್ಯಾಪ್‌ಟಾಪ್ ಮುಚ್ಚಿಟ್ಟು ಬೆಳಿಗ್ಗೆ ತೆರೆದರೆ ಕೆಲವೊಮ್ಮೆ ವೈಫೈ ಬಟನ್ನೇ ಇರುವುದಿಲ್ಲ. ಶಟ್‌ಡೌನ್ ಮಾಡಿ ಆನ್ ಮಾಡಿದರೂ ಬರುವುದಿಲ್ಲ. ನೆಟ್‌ವರ್ಕ್ ರೀಸೆಟ್ ಮಾಡಲಾ?

ಉತ್ತರ: ಸದ್ಯಕ್ಕೆ ಬೇಡ. ಶಟ್‌ಡೌನ್ ಅಲ್ಲ, ರೀಸ್ಟಾರ್ಟ್ ಮಾಡಿ ನೋಡಿ. ಎರಡೂ ಒಂದೇ ಅನಿಸುತ್ತದೆ, ಅಲ್ವಾ? ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್‌ನಲ್ಲಿ ವಿಂಡೋಸ್ ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಉಳಿಸಿಟ್ಟು, ಮತ್ತೆ ಆನ್ ಮಾಡಿದಾಗ ಅದನ್ನೇ ಎತ್ತಿಕೊಳ್ಳುತ್ತದೆ. ಮುನಿಸಿಕೊಂಡ ಡ್ರೈವರ್ (ವೈಫೈ ಅಡಾಪ್ಟರನ್ನು ನಡೆಸುವ ಸಾಫ್ಟ್‌ವೇರ್) ಮುನಿಸಿಕೊಂಡೇ ಎದ್ದು ಬರುತ್ತದೆ. ರೀಸ್ಟಾರ್ಟ್‌ನಲ್ಲಿ ಎಲ್ಲ ಹೊಸದಾಗಿ ಶುರು.

ರೀಸ್ಟಾರ್ಟ್‌ನಿಂದ ಬಂದು ಮತ್ತೆ ಮತ್ತೆ ಮಾಯವಾಗುತ್ತಿದ್ದರೆ, ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಅಡಾಪ್ಟರ್‌ನ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್ ತೆರೆಯಿರಿ. ಬ್ಯಾಟರಿ ಉಳಿಸಲು ಈ ಸಾಧನವನ್ನು ಆಫ್ ಮಾಡಲು ಬಿಡಿ ಅನ್ನುವ ಅರ್ಥದ ಸಾಲಿನ ಗುರುತು ತೆಗೆಯಿರಿ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಟ್ಯಾಬ್ ಇರುವುದಿಲ್ಲ. ಆಗ ಲ್ಯಾಪ್‌ಟಾಪ್ ತಯಾರಕರ ಸೈಟಿನಿಂದ ವೈಫೈ ಡ್ರೈವರ್ ಹೊಸದು ಹಾಕಿ. ಅದನ್ನು ಇಳಿಸಿಕೊಳ್ಳಲು ಕೇಬಲ್ ಅಥವಾ ಫೋನಿನ ಯುಎಸ್‌ಬಿ ಟೆದರಿಂಗ್ (ಫೋನಿನ ಇಂಟರ್ನೆಟ್ಟನ್ನು ಯುಎಸ್‌ಬಿ ಕೇಬಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ಕೊಡುವುದು) ಬೇಕಾಗುತ್ತದೆ. ನೆಟ್‌ವರ್ಕ್ ರೀಸೆಟ್ ಕೊನೆಯ ಅಸ್ತ್ರ. ಅದು ಕೇಬಲ್, ವೈಫೈ ಎರಡರ ಅಡಾಪ್ಟರ್‌ಗಳನ್ನೂ ತೆಗೆದು ಮತ್ತೆ ಹಾಕುತ್ತದೆ. ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳು, ಕೈಯಿಂದ ಬರೆದ ಐಪಿ ನಂಬರ್‌ಗಳು ಎಲ್ಲ ಹೋಗುತ್ತವೆ. ವಿಪಿಎನ್ ಸಾಫ್ಟ್‌ವೇರನ್ನು ಮತ್ತೆ ಹಾಕಬೇಕಾಗಲೂಬಹುದು.

ಪ್ರಶ್ನೆ: ಹೊಸ ಲ್ಯಾಪ್‌ಟಾಪ್‌ಗೆ ಮನೆಯ ಪ್ರಿಂಟರ್ ಕಾಣುತ್ತಿಲ್ಲ. ಇಂಟರ್ನೆಟ್ ಬರುತ್ತದೆ. ಹಳೆಯ ಲ್ಯಾಪ್‌ಟಾಪ್‌ಗೆ ಪ್ರಿಂಟರ್ ಕಾಣುತ್ತದೆ.

ಉತ್ತರ: ವಿಂಡೋಸ್ 10 ಮತ್ತು 11 ಹೊಸ ನೆಟ್‌ವರ್ಕನ್ನು ಸಾಮಾನ್ಯವಾಗಿ ಪಬ್ಲಿಕ್ ಅಂತಲೇ ಗುರುತಿಸುತ್ತವೆ. ಅಂದರೆ ಸುತ್ತಲಿನ ಸಾಧನಗಳಿಂದ ಲ್ಯಾಪ್‌ಟಾಪ್ ತನ್ನನ್ನು ಮರೆಮಾಡಿಕೊಳ್ಳುತ್ತದೆ, ತಾನೂ ಅವನ್ನು ಹುಡುಕುವುದಿಲ್ಲ. ಮನೆಯ ವೈಫೈ ಪ್ರಾಪರ್ಟೀಸ್‌ನಲ್ಲಿ ಅದನ್ನು ಪ್ರೈವೇಟ್ ಮಾಡಿ. ಕೇಬಲ್ ಕೂಡ ಬಳಸುತ್ತಿದ್ದರೆ ಈಥರ್ನೆಟ್‌ನಲ್ಲೂ ಪ್ರೈವೇಟ್ ಮಾಡಬೇಕು, ಒಂದರಲ್ಲಿ ಮಾಡಿದ್ದು ಇನ್ನೊಂದಕ್ಕೆ ಬರುವುದಿಲ್ಲ. ಹೊರಗಿನ ವೈಫೈಗಳನ್ನು ಮಾತ್ರ ಪಬ್ಲಿಕ್‌ನಲ್ಲೇ ಬಿಡಿ. ಇಷ್ಟಾದರೂ ಪ್ರಿಂಟರ್ ಕಾಣದಿದ್ದರೆ, ಹೊಸ ಲ್ಯಾಪ್‌ಟಾಪ್ ಅತಿಥಿಗಳಿಗೆ ಅಂತ ಇಟ್ಟ ಗೆಸ್ಟ್ ವೈಫೈಗೆ ಸೇರಿಕೊಂಡಿದೆಯಾ ಅಂತ ನೋಡಿ. ಅಲ್ಲಿಂದ ಇಂಟರ್ನೆಟ್ ಸಿಗುತ್ತದೆ, ಮನೆಯ ಉಳಿದ ಸಾಧನಗಳು ಸಾಮಾನ್ಯವಾಗಿ ಸಿಗುವುದಿಲ್ಲ.