ಸಂಪಾದಕರ ಉತ್ತರ: ಭಾಗೀರತಿ ಏರುತ್ತಿದ್ದ ಮೆಟ್ಟಿಲು

ಅಕ್ಕೋರೆ, ನಮಸ್ಕಾರ.

ಗದಗ ಜಿಲ್ಲೆಯಿಂದ ನೀವು ಬರೆದ ನಾಲ್ಕು ಪುಟಗಳ ಪತ್ರವನ್ನು ಎರಡು ಸಲ ಓದಿದೆ. ಮೂವತ್ತು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದೆ ಎಂದಿದ್ದೀರಿ, ಆದ್ದರಿಂದ ನಮ್ಮ ಕಡೆಯ ವಾಡಿಕೆಯಂತೆಯೇ ಕರೆದಿದ್ದೇನೆ.

ಪೂರ್ತಿ ಪತ್ರ ಅಚ್ಚು ಹಾಕಲು ಜಾಗವಿಲ್ಲ. ಉಳಿದ ಓದುಗರಿಗಾಗಿ ಅದರ ಸಾರ ಇಷ್ಟು: ಹಿಂದಿನ ಸಂಚಿಕೆಯಲ್ಲಿ ನಾವು, ಕೆರೆಗೆ ನೀರು ಬರಲೆಂದು ಸೊಸೆ ಭಾಗೀರತಿಯನ್ನು ಬಲಿಕೊಟ್ಟ ಕಥೆ ಹೇಳುವ ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆಯನ್ನು ಪ್ರಕಟಿಸಿ, ಮೇಲೆ ‘ತ್ಯಾಗದ ಅಮರ ಕಥೆ’ ಎಂದು ಬರೆದಿದ್ದೆವು. ಅದನ್ನು ನಿಮ್ಮ ಮೊಮ್ಮಗಳು ಗಟ್ಟಿಯಾಗಿ ಓದಿ, “ಇದು ಕೊಲೆ ಅಲ್ಲವೇ ಅಜ್ಜಿ? ಅವಳು ಅಪ್ಪನಿಗೆ ಯಾಕೆ ಹೇಳಲಿಲ್ಲ?” ಎಂದು ಕೇಳಿದಳು. ‘ಭಾಗೀರತಿಯ ತ್ಯಾಗವನ್ನು ವಿವರಿಸಿ’ ಎಂದು ವರ್ಷವರ್ಷವೂ ಪರೀಕ್ಷೆಗೆ ಪ್ರಶ್ನೆ ಹಾಕಿದ ನಿಮಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಕೊನೆಯಲ್ಲಿ ನೀವು ಕೇಳಿದ್ದು: “ಅನ್ಯಾಯವನ್ನು ಇಷ್ಟು ಇಂಪಾಗಿ ಹಾಡುವ ಸಾಹಿತ್ಯದಿಂದ ಯಾರಿಗೆ ಏನು ಉಪಕಾರ?”

ಮೊದಲು ನನ್ನ ತಪ್ಪು. ಆ ತಲೆಬರಹ ನಾನೇ ಕೊಟ್ಟದ್ದು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ತಪ್ಪು ತಲೆಬರಹದ್ದು, ಹಾಡಿನದಲ್ಲ. ಹಾಡು ನಿಮ್ಮ ಮೊಮ್ಮಗಳ ಪಕ್ಷದಲ್ಲಿದೆ ಎಂದು ನಾನು ನಂಬಿದ್ದೇನೆ. ಯಾಕೆಂದು ಹೇಳುತ್ತೇನೆ.

ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸಿದ. ಬೊಗಸೆಯಷ್ಟು ನೀರೂ ಬೀಳಲಿಲ್ಲ. ಶಾಸ್ತ್ರದ ಹೊತ್ತಿಗೆ ತೆಗೆಸಿ ಕೇಳಿದರೆ ಹಿರಿಸೊಸೆಯನ್ನು ಹಾರ, ಎಂದರೆ ಬಲಿ, ಕೊಡಬೇಕು ಎಂದು ಬಂತು. ಹಿರಿಸೊಸೆಯನ್ನು ಕೊಟ್ಟರೆ ಮನೆಯ ಹಿರಿತನ ಮಾಡುವವರು ಯಾರು? ಹಾಗಾದರೆ ಕಿರಿಸೊಸೆ ಭಾಗೀರತಿಯಾಗಲಿ. ಇಷ್ಟನ್ನು ಹಾಡು ಕೆಲವೇ ಸಾಲುಗಳಲ್ಲಿ ಮುಗಿಸುತ್ತದೆ. ಆ ಸಾಲುಗಳನ್ನು ಇನ್ನೊಮ್ಮೆ ನೋಡಿ. ದೈವ ಕೇಳಿತೆನ್ನುವುದು ಹಿರಿಯಳನ್ನು, ಮನೆ ಕೊಟ್ಟದ್ದು ಕಿರಿಯಳನ್ನು. ದೈವದ ಮಾತನ್ನೂ ತಮ್ಮ ಅನುಕೂಲಕ್ಕೆ ತಿದ್ದಿಕೊಳ್ಳಬಲ್ಲ ಜನ ಇವರು ಎಂಬುದನ್ನು ಹಾಡು ದನಿ ಎತ್ತದೆ ಹೇಳಿಬಿಟ್ಟಿದೆ. ಯಾರು ಮನೆಗೆ ಬೇಕಾದವರು, ಯಾರನ್ನು ಕಳೆದುಕೊಂಡರೂ ನಡೆಯುತ್ತದೆ ಎಂಬ ಲೆಕ್ಕ ಅಲ್ಲಿಯೇ ನಡೆದುಹೋಗುತ್ತದೆ. ಆಗ ಭಾಗೀರತಿಯ ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ. ಕೇಳುವವರಿಲ್ಲ.

ಇದನ್ನು ತ್ಯಾಗ ಎನ್ನುವುದಾದರೆ ಪುಣ್ಯಕೋಟಿಯ ಪಕ್ಕದಲ್ಲಿಟ್ಟು ನೋಡಬೇಕು. ಪುಣ್ಯಕೋಟಿ ಹುಲಿಗೆ ಮಾತು ಕೊಡುತ್ತಾಳೆ, ಕೊಟ್ಟ ಮಾತಿಗೆ ತಾನಾಗಿ ಮರಳುತ್ತಾಳೆ. ಭಾಗೀರತಿ ಯಾರಿಗೂ ಮಾತು ಕೊಟ್ಟಿಲ್ಲ. ಅವಳನ್ನು ಯಾರೂ ಕೇಳಿಯೇ ಇಲ್ಲ. ಎರಡನ್ನೂ ಒಂದೇ ಹೆಸರಿನಿಂದ ಕರೆದದ್ದು ನಮ್ಮಂಥ ಸಂಪಾದಕರು, ಪಠ್ಯ ಮಾಡಿದವರು.

ಸುದ್ದಿ ಕಿವಿಗೆ ಬಿದ್ದ ಭಾಗೀರತಿ ತವರಿಗೆ ಓಡುತ್ತಾಳೆ. ಯಾಕವ್ವ ಕಣ್ಣೀರು ಎಂದು ಅಪ್ಪ ಕೇಳಿದರೆ, ಅತ್ತೆ ಮಾವ ನಮ್ಮನ್ನು ಬೇರೆ ಇಡುತ್ತಾರಂತೆ ಎನ್ನುತ್ತಾಳೆ. ಇಟ್ಟರೆ ಇಡಲಿ, ಹೊಲ ಮನೆ ಕೊಡುತ್ತೇನೆ ಎನ್ನುತ್ತಾನೆ ಅಪ್ಪ. ತಾಯಿ ಓಲೆಯ ಜೋಡಿ ಕೊಡುತ್ತೇನೆ ಎನ್ನುತ್ತಾಳೆ. ನಾನು ಕೇಳಿರುವ ಪಾಠದಲ್ಲಿ ಮಗಳ ಉತ್ತರ ಬಲು ಕಟುವಾಗಿದೆ: ನಿನ್ನ ಹೊಲ ಮನೆ ಒಯ್ದು ಹೊಳೆಯಲ್ಲಿ ಹಾಕು, ನಿನ್ನ ಓಲೆ ಒಯ್ದು ಒಲೆಯಲ್ಲಿ ಹಾಕು. ಅಲ್ಲಿಂದ ಗೆಳತಿಯ ಮನೆಗೆ ಹೋಗುತ್ತಾಳೆ. ನಿಜವನ್ನು ಹೇಳುವುದು ಅಲ್ಲಿ ಮಾತ್ರ. ಗೆಳತಿ ಏನು ಹೇಳಿದಳು? “ಕೊಟ್ಟರೆ ಕೊಡಲೇಳು, ಇಟ್ಟಾಂಗ ಇರಬೇಕ.”

ಈ ಸಾಲು ಬಂದಾಗಲೆಲ್ಲ ನನ್ನ ಎದೆ ಹಿಡಿದುಕೊಳ್ಳುತ್ತದೆ. ಗೆಳತಿ ಕೆಟ್ಟವಳಲ್ಲ. ಅವಳೂ ಯಾರದೋ ಮನೆಯ ಸೊಸೆ, ಅವಳಿಗೆ ಗೊತ್ತಿರುವ ಬದುಕು ಅಷ್ಟೇ. ನಿಮ್ಮ ಮೊಮ್ಮಗಳ ಪ್ರಶ್ನೆಗೆ ಹಾಡು ಕೊಡುವ ಉತ್ತರವೂ ಇಲ್ಲಿಯೇ ಇದೆ ಎಂದು ನನಗೆ ತೋರುತ್ತದೆ. ಹೇಳಿದ ಒಂದೇ ಕಡೆಯಲ್ಲಿ ಸಿಕ್ಕ ಮಾತು ಇದು. ಅಪ್ಪನಿಗೆ ಹೇಳಿದ್ದರೆ ಅವನು ಕೊಡಲಿ ಹಿಡಿದು ಹೊರಡುತ್ತಿದ್ದನೋ, ಇದೇ ಮಾತನ್ನು ಹೇಳುತ್ತಿದ್ದನೋ? ಆ ಭಯವೇ ಅವಳ ಬಾಯಿ ಕಟ್ಟಿರಬಹುದು.

ಮರಳಿ ಬಂದವಳು ಪೂಜೆಯ ಅಡುಗೆಗೆ ಬೇಳೆ ಹಸನು ಮಾಡಲು ಕೂರುತ್ತಾಳೆ. ಕಣ್ಣಲ್ಲಿ ನೀರು ಯಾಕೆ ಎಂದರೆ ಬೇಳೆಯ ಹಳ್ಳು ಹಾರಿ ಕಣ್ಣಿಗೆ ಬಿತ್ತು ಎನ್ನುತ್ತಾಳೆ. ಕೇಳಿದವರಿಗೂ ಗೊತ್ತು, ಅವಳಿಗೂ ಗೊತ್ತು. ತನ್ನ ಸಾವಿನ ಎಡೆಗೆ ತಾನೇ ಬೇಳೆ ಆರಿಸುವ ಹೆಣ್ಣಿನ ಬಾಯಲ್ಲಿ ಆ ಒಂದು ಹಳ್ಳಿನ ಸುಳ್ಳು! ಅನ್ಯಾಯದ ಮೇಲೆ ನೂರು ಪುಟದ ಭಾಷಣ ಬರೆದರೂ ನನ್ನಿಂದ ಇಷ್ಟು ಹೇಳಲು ಆಗದು.

ಕೆರೆಯ ಬಳಿ ಪೂಜೆ, ಊಟ ಎಲ್ಲ ಮುಗಿಯುತ್ತದೆ. ಹೊರಟ ಮೇಲೆ ಬಂಗಾರದ ಬಟ್ಟಲು ಮರೆತು ಬಂದೆವು ಎನ್ನುತ್ತಾರೆ. ಗಂಗವ್ವ ಹೋಗು ಎಂದರೆ ಗಂಗವ್ವ ಒಲ್ಲೆ ಎನ್ನುತ್ತಾಳೆ, ಗೌರವ್ವ ಒಲ್ಲೆ ಎನ್ನುತ್ತಾಳೆ, ಸೀತವ್ವ ಒಲ್ಲೆ ಎನ್ನುತ್ತಾಳೆ. ನನ್ನಜ್ಜಿ ಬೀಸುವಾಗ ಈ ಹಾಡು ಹೇಳುತ್ತಿದ್ದಳು. ಈ ಜಾಗಕ್ಕೆ ಬಂದಾಗ ಕಲ್ಲಿನ ಬಾಯಿಗೆ ಜೋಳ ಹಾಕುವ ಕೈ ನಿಂತುಬಿಡುತ್ತಿತ್ತು, ಬರಿಗಲ್ಲು ಎರಡು ಸುತ್ತು ಗರಗರ ಎನ್ನುತ್ತಿತ್ತು. ನಾಲ್ಕನೆಯ ಹೆಸರು ಹೇಳಲು ಅವಳಿಗೆ ಅಷ್ಟು ಹೊತ್ತು ಬೇಕಾಗುತ್ತಿತ್ತು.

ಭಾಗೀರತಿ ಭರಭರನೆ ಹೋಗಿ ಬಟ್ಟಲು ತೆಗೆದುಕೊಳ್ಳುತ್ತಾಳೆ. ಮುಂದಿನದನ್ನು ನಾವು ಸರಿಯಾಗಿ ಕೇಳಿಸಿಕೊಂಡಿಲ್ಲ, ಅಕ್ಕೋರೆ. ಒಂದು ಮೆಟ್ಟಿಲು ಏರುವಷ್ಟರಲ್ಲಿ ಪಾದಕ್ಕೆ ನೀರು. ಎರಡು ಏರುವಷ್ಟರಲ್ಲಿ ಪಾದ ಮುಳುಗಿದವು. ಮೂರಕ್ಕೆ ಮೊಣಕಾಲು, ನಾಲ್ಕಕ್ಕೆ ನಡು. ಐದನೆಯದಕ್ಕೆ ಕೆರೆ ತುಂಬಿತು. ಅವಳು ಮೆಟ್ಟಿಲು ಏರುತ್ತಿದ್ದಾಳೆ. ಬಟ್ಟಲು ಹಿಡಿದು ಮನೆಯ ಕಡೆಗೆ ಮುಖ ಮಾಡಿದ್ದಾಳೆ, ನೀರು ಬೆನ್ನಟ್ಟಿ ಬಂದಿದೆ. ಬಲಿಗೆ ಒಪ್ಪಿ ಕೈಮುಗಿದು ಇಳಿದವಳ ಚಿತ್ರವನ್ನು ಹಾಡು ಎಲ್ಲಿಯೂ ಬರೆದಿಲ್ಲ.

ಈಗ ಹಾಡು ಎಲ್ಲಿ ನಿಲ್ಲುತ್ತದೆ ನೋಡಿ. ತ್ಯಾಗವನ್ನು ಹೊಗಳುವುದೇ ಉದ್ದೇಶವಾಗಿದ್ದರೆ ಕೆರೆ ತುಂಬಿದಲ್ಲಿಗೆ ಮಂಗಳ ಹಾಡಬಹುದಿತ್ತು. ಗದ್ದೆ ಹಸಿರಾಯಿತು, ಊರು ತಣಿಯಿತು ಎಂದು ಒಂದು ಸಾಲು ಸೇರಿಸಬಹುದಿತ್ತು. ಆ ಸಾಲು ಇಲ್ಲ. ಹಾಡು ದಂಡಿಗೆ ಹೋಗುತ್ತದೆ. ಮಾದೇವರಾಯನಿಗೆ ಕೆಟ್ಟ ಕನಸು ಬೀಳುತ್ತದೆ, ಕುದುರೆ ಏರಿ ಬರುತ್ತಾನೆ. ಮಡದಿ ಎಲ್ಲಿ ಎಂದರೆ ತವರಿಗೆ ಹೋಗಿದ್ದಾಳೆ ಎನ್ನುತ್ತಾರೆ ಹೆತ್ತವರು. ತವರಿನಲ್ಲಿ ಕೇಳಿದರೆ ಗೆಳತಿಯ ಮನೆಗೆ. ಕೊನೆಗೆ ನಿಜ ಹೇಳುವವಳು ಅದೇ ಗೆಳತಿ. ಅವನು ಕೆರೆಯ ದಂಡೆಗೆ ಬಂದು ಅತ್ತು, ಅದೇ ನೀರಿಗೆ ಹಾರುತ್ತಾನೆ. ಸೊಸೆಯನ್ನು ಕೊಟ್ಟು ನೀರು ಪಡೆದ ಮನೆ ಮಗನನ್ನೂ ಕಳೆದುಕೊಂಡಿತು. ಮಲ್ಲನಗೌಡನಿಗೆ ಹಾಡು ಒಂದು ಬೈಗುಳವನ್ನೂ ಬೈದಿಲ್ಲ. ಲೆಕ್ಕವನ್ನು ಮಾತ್ರ ಅವನ ಮುಂದಿಟ್ಟಿದೆ.

ಸರ್ಬಿಯಾದ ಜನಪದರಲ್ಲಿಯೂ ಇಂಥದೊಂದು ಹಾಡಿದೆ, 19ನೇ ಶತಮಾನದಲ್ಲಿ ವೂಕ್ ಕರಾಜಿಚ್ ಸಂಗ್ರಹಿಸಿದ್ದು. ಬೋಯಾನಾ ಹೊಳೆಯ ದಂಡೆಯ ಸ್ಕಾದರ್ ಕೋಟೆಯ ಗೋಡೆ ಹಗಲು ಕಟ್ಟಿದ್ದು ರಾತ್ರಿ ಬೀಳುತ್ತದೆ. ಅದು ನಿಲ್ಲಲೆಂದು, ಮರುದಿನ ತಮ್ಮ ಹೆಂಡಿರಲ್ಲಿ ಯಾರು ಊಟ ತರುತ್ತಾಳೋ ಅವಳನ್ನು ಗೋಡೆಯಲ್ಲಿಟ್ಟು ಕಟ್ಟುವುದು, ಮನೆಯಲ್ಲಿ ಯಾರಿಗೂ ಹೇಳಬಾರದು ಎಂದು ಮೂವರು ಅಣ್ಣತಮ್ಮಂದಿರು ಆಣೆ ಮಾಡುತ್ತಾರೆ. ಹಿರಿಯರಿಬ್ಬರು ಆಣೆ ಮುರಿದು ತಮ್ಮ ಹೆಂಡಿರಿಗೆ ಸುಳಿವು ಕೊಡುತ್ತಾರೆ. ಕಿರಿಯನ ಹೆಂಡತಿ ಊಟ ಹೊತ್ತು ಬರುತ್ತಾಳೆ. ಕೂಸಿಗೆ ಹಾಲೂಡಿಸಲು ಗೋಡೆಯಲ್ಲಿ ಕಿಂಡಿ ಬಿಡಿ ಎಂದು ಬೇಡಿಕೊಳ್ಳುತ್ತಾಳೆ. ಅಲ್ಲಿಯೂ ಕಿರಿಯಳೇ, ಅಲ್ಲಿಯೂ ಹಿರಿಯರ ಜಾಣತನವೇ. ಎಲ್ಲಿಯ ಬೋಯಾನಾ ಹೊಳೆ, ಎಲ್ಲಿಯ ಕಲ್ಲನಕೇರಿ!

ಯಾರಿಗೆ ಏನು ಉಪಕಾರ ಎಂದಿರಿ. ಮಾವನ ಎದುರು ನಿಂತು ‘ನೀನು ಕೊಲೆಗಾರ’ ಎನ್ನಲಾಗದ ಹೆಣ್ಣುಮಕ್ಕಳು ಅವನ ಮನೆಯ ಜೋಳ ಬೀಸುತ್ತ, ಅವನಿಗೆ ಕೇಳಿಸುವಂತೆ, ಇದನ್ನು ಹಾಡಿದರು. ಆ ಮನೆಗಳಲ್ಲಿ ಅವರಿಗೆ ಇದ್ದ ನ್ಯಾಯಸ್ಥಾನ ಅದೊಂದೇ. ಇಂಪು ಇಲ್ಲದಿದ್ದರೆ ಅದನ್ನು ಯಾರೂ ಹಾಡಗೊಡುತ್ತಿರಲಿಲ್ಲ, ನಿಮ್ಮ ಮೊಮ್ಮಗಳ ಕೈಗೂ ಅದು ತಲುಪುತ್ತಿರಲಿಲ್ಲ.

ನಿಮ್ಮ ತಾಯಿಯೂ ಈ ಹಾಡು ಹೇಳುತ್ತಿದ್ದರು, ಅದು ಅಚ್ಚಾದ ಪಾಠದಂತಿರಲಿಲ್ಲ ಎಂದು ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ಅದು ನಮಗೆ ಬೇಕು. ನೆನಪಿದ್ದಷ್ಟು ಸಾಲುಗಳನ್ನು, ನಡುವೆ ಬಿಟ್ಟುಹೋದರೂ ಚಿಂತೆಯಿಲ್ಲ, ಅವರ ಬಾಯಲ್ಲಿ ಬರುತ್ತಿದ್ದ ಹಾಗೆಯೇ ಮೊಮ್ಮಗಳ ಕೈಯಲ್ಲಿ ಬರೆಸಿ ಕಳುಹಿಸಿ. ಮುಖ್ಯವಾಗಿ ಆ ಗೆಳತಿ ಏನು ಹೇಳುತ್ತಿದ್ದಳು ಎಂಬುದನ್ನು.