ಹೆಪ್ಪುಗಟ್ಟಿದ ನದಿಯ ಸದ್ದನ್ನು ಧ್ವನಿ ಕಲಾಕೃತಿಗಾಗಿ ರೆಕಾರ್ಡ್ ಮಾಡುವುದು ಹೇಗೆ?
ಉತ್ತರ ಸ್ವೀಡನ್ನಿನ ಟೋರ್ನೆಯಂಥ ನದಿಯ ಮೇಲೆ ಮಾಮೂಲಿ ಮೈಕ್ ಹಿಡಿದರೆ ಹೆಚ್ಚಾಗಿ ಸಿಗುವುದು ಗಾಳಿಯ ಸದ್ದು. ಮಂಜುಗಡ್ಡೆಯ ಕಂಪನವನ್ನೇ ಹಿಡಿಯಬೇಕು. 27 ಮಿ.ಮೀ. ಪೀಜೋ ಬಿಲ್ಲೆಗೆ (ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ತೆಳು ತಟ್ಟೆ) ಶೀಲ್ಡೆಡ್ ಕೇಬಲ್ (ಹೊರಗಿನ ವಿದ್ಯುತ್ ಗದ್ದಲ ತಡೆಯುವ ಹೊದಿಕೆಯ ತಂತಿ) ಬೆಸುಗೆ ಹಾಕಿ, ನೀರಿಳಿಯದಂತೆ ಎಪಾಕ್ಸಿ ಅಂಟು ಬಳಿಯಿರಿ. ಮೇಲಿನ ಹಿಮ ಕೆರೆದು, ಬಿಲ್ಲೆಯನ್ನು ಗಡ್ಡೆಯ ಮೇಲಿಟ್ಟು ಎರಡು ಚಮಚ ನೀರು ಹಾಕಿ. ಅದೇ ಹೆಪ್ಪುಗಟ್ಟಿ ಹಿಡಿದುಕೊಳ್ಳುತ್ತದೆ. ಟೇಪ್ ನೆಚ್ಚಬೇಡಿ, ಚಳಿಗೆ ಬಿಟ್ಟುಕೊಳ್ಳುತ್ತದೆ.

ಸದ್ದು ಡಬ್ಬ ಬಡಿದಂತೆ ತೆಳ್ಳಗಿದ್ದರೆ ತಪ್ಪು ಸಾಮಾನ್ಯವಾಗಿ ಬಿಲ್ಲೆಯದಲ್ಲ. ರೆಕಾರ್ಡರಿನ ಇನ್‌ಪುಟ್ ಇಂಪೀಡೆನ್ಸ್ (ಒಳಬರುವ ಸಂಕೇತಕ್ಕೆ ಅದು ಒಡ್ಡುವ ತಡೆ) 10 ಕಿಲೋಓಮ್ ಆಸುಪಾಸಿದ್ದರೆ ಸುಮಾರು 800 ಹರ್ಟ್ಸ್‌ಗಿಂತ ಕೆಳಗಿನ ಮಂದ್ರವೆಲ್ಲ ಸೋರಿಹೋಗುತ್ತದೆ. ನಡುವೆ ಕನಿಷ್ಠ 1 ಮೆಗಾಓಮ್ ಇನ್‌ಪುಟ್‌ನ ಪ್ರೀಆಂಪ್ (ಸಂಕೇತವನ್ನು ರೆಕಾರ್ಡರಿಗೆ ಮೊದಲೇ ಬಲಪಡಿಸುವ ಸಾಧನ) ಇರಲಿ.

ಗಡ್ಡೆ ಬಿರುಕು ಬಿಡುವ ಸದ್ದು ದೂರದ್ದಾದಷ್ಟೂ ಸೊಗಸು. ಗಡ್ಡೆಯ ಹಾಳೆಯಲ್ಲಿ ತಾರಸ್ವರ ಮಂದ್ರಕ್ಕಿಂತ ವೇಗವಾಗಿ ಓಡುವುದರಿಂದ ‘ಟಿಯ್ಯೂಂ’ ಎಂದು ಮೇಲಿನಿಂದ ಕೆಳಕ್ಕೆ ಜಾರುವ ದನಿ ಕೇಳಿಸುತ್ತದೆ. ದಯವಿಟ್ಟು ಅದರ ಮೇಲೆ ಎಫೆಕ್ಟ್ ಸುರಿದು ಕೆಡಿಸಬೇಡಿ. ಸಂಜೆ ಚಳಿ ಏರಿ ಗಡ್ಡೆ ಕುಗ್ಗುವಾಗ ಬಿರುಕು ಹೆಚ್ಚು. ಆಗ ಒಂದೆರಡು ಗಂಟೆ ರೆಕಾರ್ಡರನ್ನು ಸತತವಾಗಿ ಓಡಿಸಿ. ಆಲ್ಕಲೈನ್ ಸೆಲ್ ಚಳಿಗೆ ಬೇಗ ಸೋಲುತ್ತದೆ, ಲಿಥಿಯಂ ಹಾಕಿ. ಬೆಚ್ಚಗಿನ ಮನೆಯೊಳಗೆ ತರುವ ಮೊದಲೇ ರೆಕಾರ್ಡರನ್ನು ಜಿಪ್ ಚೀಲದಲ್ಲಿ ಮುಚ್ಚಿ, ಇಲ್ಲದಿದ್ದರೆ ಒಳಗೆಲ್ಲ ನೀರಹನಿ ಕಟ್ಟುತ್ತದೆ.

ಹರಿವು ಜೋರಿರುವ ತಿರುವುಗಳಲ್ಲಿ ಗಡ್ಡೆ ಅಡಿಯಿಂದ ಸವೆದಿರುತ್ತದೆ. ಅಲ್ಲಿ ಕಾಲಿಡದೆ, ದಡದಂಚಿನಲ್ಲೇ ಬಿಲ್ಲೆ ನೆಡಿ.